ಕಣಕ್ಕೆ ಕಾಸು ಕೊಟ್ಟವರು

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ಒಂದು ಮಧ್ಯಾಹ್ನ ಕುಸ್ತಿಗೆ ಮೀಸಲು. ಹಲಗಿಯ ಸದ್ದು ಶುರುವಾಯಿತೆಂದರೆ ತೇರಿನ ಬಯಲಿನಿಂದ ಜನ ಕಣದ ಕಡೆ ಸರಿಯುತ್ತಾರೆ. ಮೊದಲು ಸಣ್ಣ ಹುಡುಗರ ಜೋಡಿಗಳು. ಗೆದ್ದವನಿಗೆ ತೆಂಗಿನಕಾಯಿ, ಬಾಳೆಹಣ್ಣು, ಒಂದಿಷ್ಟು ಚಿಲ್ಲರೆ. ಆಮೇಲೆ ಮೊತ್ತ ಏರುತ್ತ ಹೋಗುತ್ತದೆ. ಹೊತ್ತು ಇಳಿಯುವ ವೇಳೆಗೆ ಬೆಳ್ಳಿ ಗದೆಯ ಜೋಡಿ. ಒಬ್ಬ ಕೊಲ್ಹಾಪುರದವನು, ಇನ್ನೊಬ್ಬ ಬೆಳಗಾವಿಯವನೋ ದಾವಣಗೆರೆಯವನೋ. ಪ್ರತಿ ಜೋಡಿ ಕಣಕ್ಕಿಳಿಯುವ ಮುಂಚೆ ಮೈಕಿನಲ್ಲಿ ಪೈಲ್ವಾನರಿಗಿಂತ ಮೊದಲು ಬೇರೊಂದು ಹೆಸರು ಕೇಳಿಬರುತ್ತದೆ. “ಈ ಕುಸ್ತಿ ಇಂಥಾ ಅಡತಿ ಅಂಗಡಿ ಸಾವ್ಕಾರರ ವತಿಯಿಂದ” ಎಂದು ಕೂಗಿದೊಡನೆ, ಕಣದ ಅಂಚಿನ ಕುರ್ಚಿಯಲ್ಲಿ ಕುಳಿತ ಸಾವ್ಕಾರರು ರುಮಾಲು ಸರಿಮಾಡಿಕೊಂಡು ಎದ್ದು ಕೈ ಮುಗಿಯುತ್ತಾರೆ. ಇಬ್ಬರು ಪೈಲ್ವಾನರ ಕೈ ಹಿಡಿದು ಜೋಡಿಸಿ ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸುಖ ಸಣ್ಣದಲ್ಲ. ನಾನು ಅದನ್ನು ಹಂಗಿಸುವುದಿಲ್ಲ. ಊರಿನಲ್ಲಿ ಗಳಿಸಿದವನು ಊರ ಮುಂದೆ ನಿಂತು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಇವತ್ತಿನ ಮಾತು ಆ ಹೆಸರುಗಳ ಬಗ್ಗೆ. ಸಣ್ಣ ಊರಿನಲ್ಲಿ ಹುಡುಗರ ಆಟಕ್ಕೆ ದುಡ್ಡು ಕೊಡುವವರು ಯಾರು, ಆ ದುಡ್ಡು ಎಲ್ಲಿ ಹೋಗಿ ನಿಲ್ಲುತ್ತದೆ, ಅದರಿಂದ ಆಟಕ್ಕೆ ಏನಾಗುತ್ತದೆ ಎನ್ನುವುದು ನನ್ನ ವಿಷಯ. ಇದನ್ನು ಹೇಳಲು ನಾನು ಮೊದಲು ನಮ್ಮ ಕಡೆಯವರು ಅಷ್ಟಾಗಿ ಆಡದ ಒಂದು ಆಟದ ಹತ್ತಿರ ಹೋಗಬೇಕಾಗಿದೆ. ಅದು ಬೇಸ್‌ಬಾಲ್.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವಿಲಿಯಮ್ಸ್‌ಪೋರ್ಟ್ ಎಂಬ ಊರಿದೆ. ಸಸ್ಕ್ವೆಹನಾ ನದಿಯ ದಂಡೆಯ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಗೆ ವ್ಯಾಪಾರದಿಂದ ಮೆರೆದು, ಕಾಡು ಕಡಿದು ಮುಗಿದ ಮೇಲೆ ಸಣ್ಣ ಪುಟ್ಟ ಕಾರ್ಖಾನೆಗಳ ಮೇಲೆ ಬದುಕಿದ ಪೇಟೆ. 1936ರಲ್ಲಿ ಹೊಳೆ ಉಕ್ಕಿ ಊರೊಳಗೆ ನುಗ್ಗಿತ್ತು. ಕೃಷ್ಣೆ, ಘಟಪ್ರಭೆಯರ ದಂಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಊರಿನಲ್ಲಿ ಕಾರ್ಲ್ ಸ್ಟಾಟ್ಸ್ ಎಂಬ ಗುಮಾಸ್ತನಿದ್ದ. ದೊಡ್ಡ ಸಂಬಳವಿಲ್ಲ, ಸ್ವಂತಕ್ಕೆ ಗಂಡುಮಕ್ಕಳಿಲ್ಲ. ನೆಂಟರ ಕಡೆಯ ಇಬ್ಬರು ಹುಡುಗರೊಂದಿಗೆ ಹಿತ್ತಲಲ್ಲಿ ಚೆಂಡಾಡುತ್ತಿದ್ದ. ಆ ಹುಡುಗರ ತಕರಾರು ಒಂದೇ: ದೊಡ್ಡವರು ನಮ್ಮನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ಅವರ ಮೈದಾನ ನಮಗೆ ದೊಡ್ಡದು, ಅವರ ಬ್ಯಾಟು ನಮಗೆ ಭಾರ.

ಬೇಸ್‌ಬಾಲ್ ನೋಡದವರಿಗಾಗಿ ಎರಡು ಮಾತು. ಮೈದಾನದ ಒಂದು ಮೂಲೆಯಲ್ಲಿ ಚೌಕವೊಂದನ್ನು ಓರೆಯಾಗಿ ಇಟ್ಟಂತೆ ನಾಲ್ಕು ಗುರುತು. ಒಂದು ಗುರುತಿನ ಬಳಿ ದಾಂಡು ಹಿಡಿದವನು ನಿಲ್ಲುತ್ತಾನೆ, ಎದುರಿನಿಂದ ಒಬ್ಬ ಚೆಂಡನ್ನು ನೆಲಕ್ಕೆ ಬೀಳಿಸದೆ ನೇರ ಎಸೆಯುತ್ತಾನೆ. ಬಾರಿಸಿದವನು ದಾಂಡು ಬಿಸಾಡಿ ಓಡಿ ಉಳಿದ ಮೂರು ಗುರುತುಗಳನ್ನು ಮುಟ್ಟಿ ಮನೆಗೆ ಬಂದರೆ ಒಂದು ಓಟ. ಕ್ರಿಕೆಟ್ಟಿಗಿಂತ ನಮ್ಮ ಚಿಣ್ಣಿ ದಾಂಡಿಗೇ ಇದು ಹತ್ತಿರದ ಬಂಧು ಎನ್ನಿಸುತ್ತದೆ, ಹೊಡೆತ, ಓಟ, ಹಿಡಿತ ಮೂರೂ ಒಂದೇ ಉಸಿರಿನಲ್ಲಿ ನಡೆಯುವುದರಿಂದ. ದೊಡ್ಡವರ ಆಟದಲ್ಲಿ ಒಂದು ಗುರುತಿನಿಂದ ಇನ್ನೊಂದಕ್ಕೆ 90 ಅಡಿ. ಹತ್ತು ವರ್ಷದ ಹುಡುಗ ಅಷ್ಟು ದೂರ ಓಡುವಷ್ಟರಲ್ಲಿ ಚೆಂಡು ಬಂದು ಅವನ ಆಟ ಮುಗಿದಿರುತ್ತದೆ.

ಸ್ಟಾಟ್ಸ್ ಮಾಡಿದ ಮೊದಲ ಕೆಲಸ ನನಗೆ ಬಹಳ ಹಿಡಿಸಿದೆ. ಅವನು ಕೈ ಚಾಚಲು ಹೊರಡಲಿಲ್ಲ. ಮೊದಲು ಹುಡುಗರನ್ನು ಬಯಲಿಗೆ ಕರೆದುಕೊಂಡು ಹೋಗಿ ಓಡಿಸಿದ. ಗುರುತುಗಳನ್ನು ಹಿಂದೆ ಮುಂದೆ ಸರಿಸಿದ. ಬಾರಿಸಿದ ಹುಡುಗ ಓಡಿ ಮುಟ್ಟುವುದಕ್ಕೂ ಚೆಂಡು ಬಂದು ಸೇರುವುದಕ್ಕೂ ಕೂದಲೆಳೆಯ ಅಂತರ ಉಳಿಯುವ ದೂರ ಯಾವುದೆಂದು ನೋಡಿದ. ಅದು 60 ಅಡಿ ಎಂದು ಗೊತ್ತಾಯಿತು, ಅಂದರೆ ಮೀಟರಿನಲ್ಲಿ 18.29. ಇವತ್ತಿಗೂ ಎಂಬತ್ತಕ್ಕೂ ಹೆಚ್ಚು ದೇಶಗಳ ಮಕ್ಕಳು ಅದೇ ಅಳತೆಯ ಮೈದಾನದಲ್ಲಿ ಆಡುತ್ತಾರೆ. ಮಕ್ಕಳ ಆಟವೆಂದರೆ ದೊಡ್ಡವರ ಆಟವನ್ನು ಚಿಕ್ಕ ಅಂಗಿಯಲ್ಲಿ ಆಡುವುದು ಎಂದುಕೊಂಡವರೇ ಹೆಚ್ಚು. ಅಳೆದು ನೋಡಿದವರು ಕಡಿಮೆ.

ಆಮೇಲೆ ದುಡ್ಡಿನ ಪ್ರಶ್ನೆ ಬಂತು. ಮೂರು ತಂಡ ಕಟ್ಟಬೇಕು, ತಂಡಕ್ಕೆ ಅಂಗಿ, ಚೆಂಡು, ದಾಂಡು ಬೇಕು. ಆ ದೇಶದಲ್ಲಿ ಮಹಾ ಆರ್ಥಿಕ ಕುಸಿತದ ದಶಕವಿನ್ನೂ ಮುಗಿದಿರಲಿಲ್ಲ. ಗುಮಾಸ್ತ ಅಂಗಡಿ ಅಂಗಡಿ ಹತ್ತಿ ಇಳಿದ. ಐವತ್ತಕ್ಕೂ ಹೆಚ್ಚು ಕಡೆ ‘ಆಗೋದಿಲ್ಲ’ ಎಂಬ ಉತ್ತರ ಸಿಕ್ಕಿತು. ಕೊನೆಗೆ ಒಪ್ಪಿದ್ದು ಊರಿನ ಒಂದು ಹಾಲಿನ ಡೇರಿ, ಲೈಕಮಿಂಗ್ ಡೇರಿ. ಅದರ ಬೆನ್ನಿಗೆ ಲಂಡಿ ಎಂಬ ಕಟ್ಟಿಗೆ ವ್ಯಾಪಾರಿಗಳು ಮತ್ತು ಜಂಬೋ ಪ್ರೆಟ್ಜೆಲ್ ಎಂಬ ತಿಂಡಿ ತಯಾರಕರು. ತಲಾ 30 ಡಾಲರು ಕೊಟ್ಟರು. ಆಗಿನ ಲೆಕ್ಕದಲ್ಲಿ ನಮ್ಮ ನೂರು ರೂಪಾಯಿಯ ಆಸುಪಾಸು. 1939ರ ಜೂನ್ 6ರಂದು ಮೊದಲ ಪಂದ್ಯ ನಡೆದು ಕಟ್ಟಿಗೆ ಅಂಗಡಿಯ ಹುಡುಗರು ಡೇರಿಯ ಹುಡುಗರನ್ನು 23-8ರಿಂದ ಸೋಲಿಸಿದರು. ‘ಲಿಟಲ್ ಲೀಗ್’ ಎಂದು ಇವತ್ತು ಜಗತ್ತು ಕರೆಯುವ ಸಂಸ್ಥೆ ಹುಟ್ಟಿದ್ದು ಹೀಗೆ, ಹಾಲು ಮಾರುವವರು, ಕಟ್ಟಿಗೆ ಮಾರುವವರು, ತಿಂಡಿ ಮಾರುವವರ ಗಲ್ಲಾಪೆಟ್ಟಿಗೆಯಿಂದ.

ಆ ಊರಿನ ಡೇರಿಯವನು ಇನಾಮು ಇಡಲಿಲ್ಲ, ಗೆದ್ದವನಿಗೆ ಪದಕ ಹಾಕಲಿಲ್ಲ. ಸೋಲುವ ಹುಡುಗನಿಗೂ ಸಿಗುವ ಅಂಗಿಗೆ ದುಡ್ಡು ಕೊಟ್ಟ. ಅವನ ತಂಡ ಮೊದಲ ಪಂದ್ಯದಲ್ಲೇ ಹದಿನೈದು ಓಟಗಳಿಂದ ಸೋತಿತು, ಅಂಗಿ ಮಾತ್ರ ಹುಡುಗರ ಮೈಮೇಲೆ ಇಡೀ ಋತು ಉಳಿಯಿತು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಆಟಕ್ಕೆ ದುಡ್ಡು ಕೊಟ್ಟವರು ಇರಲಿಲ್ಲವೆ? ಇದ್ದರು, ದೊಡ್ಡ ಪ್ರಮಾಣದಲ್ಲೇ ಇದ್ದರು. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ, ಅಥಣಿ ದಾಟಿ ಉತ್ತರಕ್ಕೆ ಹೋದರೆ ಇವತ್ತಿಗೂ ಕನ್ನಡ ಮಾತಾಡುವ ಹಳ್ಳಿಗಳಿಂದ ತುಂಬಿದ ಜತ್ತದಲ್ಲಿ ಡಫಳೆಯವರ ಸಂಸ್ಥಾನ. ಜತ್ತದ ರಾಜರಿಗೆ ಕ್ರಿಕೆಟ್ ಹುಚ್ಚು. ಸಾಂಗಲಿಯ ಹುಡುಗ ವಿಜಯ ಹಜಾರೆಗೆ ಆಶ್ರಯ ಕೊಟ್ಟವರು ಅವರು. ಆ ಹುಡುಗನಿಗೆ ಪಾಠ ಹೇಳಿಸಲು 1930ರ ದಶಕದ ಕೊನೆಯ ಹೊತ್ತಿಗೆ ಆಸ್ಟ್ರೇಲಿಯದಿಂದ ಕ್ಲಾರಿ ಗ್ರಿಮೆಟ್ಟರನ್ನೇ ಕರೆಸಿಕೊಂಡರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಮೊಟ್ಟಮೊದಲು ಇನ್ನೂರು ವಿಕೆಟ್ ಕಿತ್ತ ಸ್ಪಿನ್ನರ್ ಬಂದು ಜತ್ತದ ಬಿಸಿಲಲ್ಲಿ ನಿಂತು ಒಬ್ಬ ಹುಡುಗನ ಆಟ ತಿದ್ದಿದ್ದನ್ನು ಊಹಿಸಿಕೊಳ್ಳಿ. ಅದೇ ಹಜಾರೆ 1948ರಲ್ಲಿ ಅಡಿಲೇಡಿನಲ್ಲಿ ಒಂದೇ ಟೆಸ್ಟಿನ ಎರಡೂ ಇನಿಂಗ್ಸಿನಲ್ಲಿ ಶತಕ ಹೊಡೆದರು. 1952ರ ಫೆಬ್ರುವರಿಯಲ್ಲಿ ಮದ್ರಾಸಿನಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದರು.

ಜಮಖಂಡಿಯ ದುಡ್ಡು ಇನ್ನೊಂದು ದಾರಿಯಲ್ಲಿ ಹೋಯಿತು. 1916ರಲ್ಲಿ ಪುಣೆಯಲ್ಲಿ ನ್ಯೂ ಪೂನಾ ಕಾಲೇಜು ಎಂದು ಶುರುವಾದ ಸಂಸ್ಥೆಗೆ ಜಮಖಂಡಿ ಸಂಸ್ಥಾನದ ದೊಡ್ಡ ದೇಣಿಗೆ ಬಂದ ಮೇಲೆ ಅದರ ಹೆಸರು ಸರ್ ಪರಶುರಾಮಭಾವು ಕಾಲೇಜು ಎಂದಾಯಿತು. ಎಸ್.ಪಿ. ಕಾಲೇಜು ಎಂದರೆ ಪುಣೆಯ ಯಾವ ರಿಕ್ಷಾದವನೂ ತಲುಪಿಸುತ್ತಾನೆ. ಅಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಪ್ರೊಫೆಸರ್ ದಿನಕರ ಬಳವಂತ ದೇವಧರ ಮಹಾರಾಷ್ಟ್ರ ತಂಡದ ನಾಯಕರಾಗಿ 1939-40 ಮತ್ತು 1940-41ರಲ್ಲಿ ಸತತ ಎರಡು ಸಲ ರಣಜಿ ಗೆದ್ದುಕೊಟ್ಟರು. ಆ ತಂಡದಲ್ಲಿ ಜತ್ತದ ಆಶ್ರಯದ ಹಜಾರೆಯೂ ಇದ್ದರು. ಬರೋಡಾದ ವಿರುದ್ಧ ಔಟಾಗದೆ 316 ಹೊಡೆದರು. ಅಂದರೆ, ನಮ್ಮ ಸೀಮೆಯ ಎರಡು ಸಣ್ಣ ಸಂಸ್ಥಾನಗಳ ದುಡ್ಡು ಪುಣೆಯಲ್ಲಿ ಒಂದಾಗಿ ಹಣ್ಣು ಬಿಟ್ಟಿತು. ಹಣ್ಣು ಬಿಟ್ಟಿದ್ದಕ್ಕೆ ನನಗೆ ಸಂತೋಷ. ಪುಣೆಯಲ್ಲೇ ಬಿಟ್ಟಿತಲ್ಲ ಎಂಬ ಹೊಟ್ಟೆಕಿಚ್ಚೂ ಒಂದಿಷ್ಟಿದೆ.

ವ್ಯಾಪಾರಿಗಳ ಕಡೆಯಿಂದ ದೊಡ್ಡ ಹೆಸರೆಂದರೆ ಸರ್ ದೋರಾಬ್ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್ಖಾನಾದ ಓಟದ ಸ್ಪರ್ಧೆಯಲ್ಲಿ ಬರಿಗಾಲಲ್ಲಿ ಓಡುವ ಹಳ್ಳಿ ಹುಡುಗರನ್ನು ಕಂಡು, ಇವರ ವೇಗ ಯುರೋಪಿನವರಿಗೆ ಸಮ ಇದೆಯಲ್ಲ ಎಂದು ಅವರಿಗೆ ಹೊಳೆಯಿತಂತೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ತಂಡ ಹೊರಡಿಸಿದಾಗ ಖರ್ಚಿನ ದೊಡ್ಡ ಪಾಲು ತಮ್ಮ ಕಿಸೆಯಿಂದ ಹಾಕಿದರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಮರಾಠಿ-ಕನ್ನಡದ ಗಡಿಯ ಊರಿನಿಂದ ಹಡಗು ಹತ್ತಿ ಬೆಲ್ಜಿಯಂವರೆಗೆ ಹೋಗಿ, ಜಗತ್ತಿನ ಓಟಗಾರರ ನಡುವೆ ಇಪ್ಪತ್ತರೊಳಗೆ ಬರುವುದೆಂದರೆ ಏನು! ಚೌಗುಲೆಯವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಎದ್ದು ಕಾಣುವಂತೆ ಇರಬೇಕಿತ್ತು.

1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಮುಂತಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ರಾಜಾಶ್ರಯ ನಿಂತಿತು. ಅದು ನಿಲ್ಲಬೇಕಾದದ್ದೇ. ಆ ಜಾಗಕ್ಕೆ ಪೇಟೆ ಬಂತು: ಮಹಾಲಿಂಗಪುರದ ಬೆಲ್ಲದ ಅಡತಿಯವರು, ರಬಕವಿ-ಬನಹಟ್ಟಿಯ ನೂಲಿನ ವ್ಯಾಪಾರಿಗಳು, ಆಮೇಲೆ ಕೃಷ್ಣೆಯ ನೀರು ಹೊಲಕ್ಕೆ ಹರಿದು ಕಬ್ಬು ಹೆಚ್ಚಿದಂತೆ ಸಕ್ಕರೆ ಕಾರ್ಖಾನೆಗಳವರು, ಇತ್ತೀಚೆಗೆ ಮುಧೋಳದ ಕಡೆ ಸಿಮೆಂಟಿನವರು. ಕೊಡುವ ಕೈ ಬದಲಾಯಿತು, ಕೊಡುವ ರೀತಿ ಮಾತ್ರ ದರ್ಬಾರಿನದೇ ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ರಾಜರು ದಸರೆಯ ದಿನ ಪೈಲ್ವಾನನಿಗೆ ಖಡೆ ತೊಡಿಸುತ್ತಿದ್ದರು, ಸಾವ್ಕಾರರು ಜಾತ್ರೆಯ ದಿನ ಗದೆ ಕೊಡುತ್ತಾರೆ. ಎರಡೂ ಗೆದ್ದ ಮೇಲೆ ಕೊಡುವ ಮಾತು.

ಗೆಲ್ಲುವ ಮೊದಲಿನ ಮಾತು ಕೇಳಬೇಕೆಂದರೆ ತಾಲೀಮಿಗೆ ಹೋಗಬೇಕು. ತಾಲೀಮು ಎಂದರೆ ನಮ್ಮ ಕಡೆಯ ಗರಡಿಮನೆ. ತಗ್ಗು ಬಾಗಿಲು, ಹನುಮಪ್ಪನ ಮೂರ್ತಿ, ನಡುವೆ ಕೆಂಪು ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸುತ್ತಾರೆ. ಬೆರೆಸಿದ ಮೇಲೆ ಕೈಬಿಟ್ಟರೆ ಮಣ್ಣು ಕಲ್ಲಾಗುತ್ತದೆ. ದಿನಾ ಗುದ್ದಲಿ ಹಾಕಿ ಅಗೆದು ಹದ ಮಾಡಬೇಕು. ಅದನ್ನು ಮಾಡುವವನು ವಸ್ತಾದ, ಅವನಿಗೆ ಸಂಬಳವೆಂಬುದಿಲ್ಲ. ಹುಡುಗರಿಗೆ ಖುರಾಕು ಬೇಕು: ಹಾಲು, ತುಪ್ಪ, ಬದಾಮಿ. ನೇಕಾರನ ಮಗನೋ ಕೂಲಿಯವನ ಮಗನೋ ತಾಲೀಮಿಗೆ ಬಂದರೆ, ಅವನ ಒಬ್ಬನ ಖುರಾಕಿನಲ್ಲಿ ಮನೆಮಂದಿಯ ಸಂತೆ ಆಗುತ್ತದೆ. ಜಾತ್ರೆಯ ಮಧ್ಯಾಹ್ನ ಒಂದು ಜೋಡಿಗೆ ಸಾವ್ಕಾರರು ಇಡುವ ಮೊತ್ತದಲ್ಲಿ ಒಬ್ಬ ಹುಡುಗನ ಎಷ್ಟೋ ತಿಂಗಳ ಹಾಲು ನಡೆಯುತ್ತದೆ. ಹಾಲಿನ ಲೆಕ್ಕವನ್ನು ಯಾರೂ ಮೈಕಿನಲ್ಲಿ ಕೂಗುವುದಿಲ್ಲ, ಕೂಗಿದರೆ ಹಲಗಿ ಬಾರಿಸುವವರೂ ಇಲ್ಲ.

ಹೀಗಿದ್ದೂ ಪೈಲ್ವಾನರು ಬರುತ್ತಲೇ ಇದ್ದಾರೆ. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯನ್ ಕುಸ್ತಿಯಲ್ಲಿ ಗ್ರೀಕೋ-ರೋಮನ್ ವಿಭಾಗದ 55 ಕೆ.ಜಿ. ತೂಕದಲ್ಲಿ ಕಂಚು ಗೆದ್ದರು. ಅವಿಭಜಿತ ವಿಜಯಪುರ ಜಿಲ್ಲೆ ಸೈಕಲ್ ಸವಾರರ ತವರು ಎನ್ನಿಸಿಕೊಂಡದ್ದೂ ಹೀಗೆಯೇ, ರೊಟ್ಟಿ ಕಟ್ಟಿಕೊಂಡು ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಪೆಡಲು ತುಳಿದ ಹುಡುಗ ಹುಡುಗಿಯರಿಂದ. ಆ ಹೆಣ್ಣುಮಕ್ಕಳ ಪ್ರಸ್ತಾಪಕ್ಕೆ ಮತ್ತೆ ಬರುತ್ತೇನೆ.

ಈಗ ವಿಲಿಯಮ್ಸ್‌ಪೋರ್ಟಿನ ಕತೆಯ ಎರಡನೆಯ ಭಾಗ. ಇದನ್ನು ಹೇಳದೆ ಬಿಟ್ಟರೆ ಮೊದಲನೆಯದು ಬರೀ ಸಿಹಿ. ಸ್ಟಾಟ್ಸ್‌ನ ಲೀಗು ಊರಿಂದೂರಿಗೆ ಹಬ್ಬಿತು. 1947ರಲ್ಲಿ ದೊಡ್ಡ ಪಂದ್ಯಾವಳಿ ಶುರುವಾಯಿತು. ಮರುವರ್ಷ ಯು.ಎಸ್. ರಬ್ಬರ್ ಎಂಬ ದೈತ್ಯ ಕಂಪನಿ ಪ್ರಾಯೋಜಕನಾಗಿ ಬಂತು. ಡೇರಿಯ ಮೂವತ್ತು ಡಾಲರಿನ ಜಾಗದಲ್ಲಿ ಈಗ ಸಾವಿರಾರು ಡಾಲರು. ಆಡಳಿತ ಮಂಡಳಿಯ ಮುಖ್ಯ ಕುರ್ಚಿಯಲ್ಲಿ ಆ ಕಂಪನಿಯ ಅಧಿಕಾರಿ ಕುಳಿತರು. ಸ್ಟಾಟ್ಸ್‌ಗೆ ಅವನ ಊರಿನ ಹುಡುಗರ ಆಟ ಬೇಕಿತ್ತು, ಕಂಪನಿಯವರಿಗೆ ದೇಶಕ್ಕೆಲ್ಲ ಒಂದೇ ದೊಡ್ಡ ಸಂಸ್ಥೆ ಬೇಕಿತ್ತು. 1955ರಲ್ಲಿ ಜಗಳ ಕೋರ್ಟು ಮುಟ್ಟಿತು. ಕೊನೆಗೆ ಲೀಗನ್ನು ಹುಟ್ಟಿಸಿದವನೇ ಲೀಗಿನಿಂದ ಹೊರಗೆ ನಡೆದ. ತನ್ನ ಊರಿನ ಹಳೆಯ ಮೈದಾನದಲ್ಲಿ ಬೇರೆಯೇ ಒಂದು ಸಣ್ಣ ಲೀಗು ನಡೆಸಿಕೊಂಡು ಹೋದ. ಯಾರ ಕಡೆ ಎಷ್ಟು ನ್ಯಾಯವಿತ್ತು ಎಂದು ಇಲ್ಲಿ ಕೂತು ತೂಗುವುದು ಕಷ್ಟ. ದೊಡ್ಡ ಸಂಸ್ಥೆಯಾಗದಿದ್ದರೆ ಅದು ಅಷ್ಟು ದೇಶಗಳ ಮಕ್ಕಳನ್ನು ತಲುಪುತ್ತಲೂ ಇರಲಿಲ್ಲ. ದುಡ್ಡು ಕೊಟ್ಟವನು ಕಣದ ಅಂಚಿನ ಕುರ್ಚಿಯಿಂದ ಎದ್ದು ಕಣದೊಳಕ್ಕೆ ಯಾವಾಗ ಬರುತ್ತಾನೆ ಎಂಬುದನ್ನು ನೋಡಿಕೊಳ್ಳುವ ಕೆಲಸವೂ ಹುಡುಗರ ಪಾಲಕರದೇ ಎಂಬುದು ಮಾತ್ರ ನನಗೆ ಕಂಡದ್ದು. ನಮ್ಮಲ್ಲೂ ಚುನಾವಣೆ ಹತ್ತಿರ ಬಂದಾಗ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಬ್ಯಾನರು ದಿಢೀರನೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ನೀವೂ ಕಂಡಿದ್ದೀರಿ. ಬ್ಯಾನರಿನಲ್ಲಿ ಇಪ್ಪತ್ತು ಮುಖ, ಅದರಲ್ಲಿ ಆಟಗಾರನ ಮುಖ ಒಂದೂ ಇಲ್ಲ.

ಆ ಲೀಗಿಗೆ ಇನ್ನೊಂದು ಕಳಂಕವೂ ಇತ್ತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಥರಿನ್ ಜಾನ್ಸ್ಟನ್ ಎಂಬ ಹುಡುಗಿ ಜಡೆ ಕತ್ತರಿಸಿಕೊಂಡು, ಹುಡುಗನ ಹೆಸರು ಹೇಳಿಕೊಂಡು ತಂಡ ಸೇರಿದಳು. ಚೆನ್ನಾಗಿಯೇ ಆಡಿದಳು. ಮರುವರ್ಷ ಹುಡುಗಿಯರಿಗೆ ಪ್ರವೇಶವಿಲ್ಲ ಎಂದು ನಿಯಮವನ್ನೇ ಬರೆದರು. ಅದನ್ನು ಅಳಿಸಲು 1974ರವರೆಗೆ ಕಾಯಬೇಕಾಯಿತು, ಅದೂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ನಮ್ಮ ಸೈಕಲ್ ಹುಡುಗಿಯರು ಯಾವ ಕೋರ್ಟಿಗೂ ಹೋಗದೆ ರಸ್ತೆಗಿಳಿದರು. ಎರೆಹೊಲದ ಸೀಮೆಯ ಅಪ್ಪಂದಿರು ಮಗಳಿಗೆ ಚಡ್ಡಿ ಹಾಕಿಸಿ ನಸುಕಿನಲ್ಲಿ ಹೆದ್ದಾರಿಗೆ ಕಳಿಸಿದ್ದು ಸಣ್ಣ ಸಂಗತಿಯೇ? ಈ ಒಂದು ವಿಷಯದಲ್ಲಿ ನಾವು ಪೆನ್ಸಿಲ್ವೇನಿಯಾದವರಿಂದ ಕಲಿಯಬೇಕಾದ್ದು ಏನೂ ಇಲ್ಲ.

ಬೇಸ್‌ಬಾಲ್ ನಮ್ಮ ದೇಶಕ್ಕೆ ಪೂರ್ತಿ ಹೊಸದೇನೂ ಅಲ್ಲ. ರಾಷ್ಟ್ರಮಟ್ಟದ ಫೆಡರೇಶನ್ ದಶಕಗಳಿಂದ ಇದೆ. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಎರಡನ್ನೂ ಮರಳಿ ಸೇರಿಸಿಕೊಂಡಿದ್ದಾರೆ. ನಮ್ಮ ಹಳ್ಳಿ ಹುಡುಗನ ತೋಳಿಗೆ ಆ ಆಟ ಒಗ್ಗುತ್ತದೆಯೇ ಎಂದು ಕೇಳುವವರಿಗೆ ಉತ್ತರ 2008ರಲ್ಲೇ ಸಿಕ್ಕಿದೆ. ಆ ವರ್ಷ ಅಮೆರಿಕದ ಒಬ್ಬ ಕ್ರೀಡಾ ಏಜೆಂಟ್ ಟಿ.ವಿ. ಸ್ಪರ್ಧೆಯೊಂದನ್ನು ನಡೆಸಿ ಚೆಂಡು ಎಸೆಯುವ ತೋಳುಗಳನ್ನು ಹುಡುಕಿದ. ಗೆದ್ದವನು ರಿಂಕು ಸಿಂಗ್, ಉತ್ತರ ಪ್ರದೇಶದ ಭದೋಹಿ ಸೀಮೆಯ ಜಾವಲಿನ್ ಎಸೆತಗಾರ. ಭದೋಹಿ ಎಂದರೆ ಜಮಖಾನೆ ನೇಯುವ ನಾಡು. ರಬಕವಿ-ಬನಹಟ್ಟಿಯವರಿಗೆ ಮಗ್ಗದ ನಂಟು. ಜೊತೆಗಾರ ದಿನೇಶ ಪಟೇಲನೊಂದಿಗೆ ಅವನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದ. ಆ ಸ್ಪರ್ಧೆಗೆ ಮುಂಚೆ ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ. 2014ರಲ್ಲಿ ಅವರ ಮೇಲೆ ಸಿನಿಮಾ ಬಂತು. ಕೊನೆಕೊನೆಗೆ ರಿಂಕು ಅಮೆರಿಕದ ಟಿ.ವಿ. ಕುಸ್ತಿಗೇ ಹೋಗಿ ಪೈಲ್ವಾನನಾದದ್ದು ಬೇರೆ ಕತೆ. ನಮ್ಮ ತಾಲೀಮಿನ ಹುಡುಗರು ಕೇಳಿದರೆ ನಗುತ್ತಾರೆ. ಆ ಸ್ಪರ್ಧೆ ಎರಡು ತೋಳನ್ನು ಹೊತ್ತುಕೊಂಡು ಹೋಯಿತು. ಮೈದಾನ ಬಿಟ್ಟುಹೋಗಿದ್ದರೆ ಮೂರನೆಯ ತೋಳು ತಾನೇ ಬರುತ್ತಿತ್ತು.

ಇಂಥ ಆಟ ನಮ್ಮ ಪೇಟೆಗಳಲ್ಲಿ ಬೇರು ಬಿಡದಿರಲು ಕಾರಣ ಹುಡುಗರ ಅನಾಸಕ್ತಿಯಲ್ಲ. ಕಬಡ್ಡಿಗೆ ಗೆರೆ ಎಳೆದರೆ ಸಾಕು, ಖೋಖೋಗೆ ಎರಡು ಕಂಬ. ಬೇಸ್‌ಬಾಲ್ ತಂಡಕ್ಕೆ ಒಂಬತ್ತು ಜನರ ಕೈಗೂ ಚರ್ಮದ ಗ್ಲೌಸು, ಹಿಂದೆ ಕೂತು ಚೆಂಡು ಹಿಡಿಯುವವನಿಗೆ ಮುಖವಾಡ, ಎದೆಗವಚ, ಮೊಣಕಾಲ ಕವಚ, ಬಾರಿಸುವವನಿಗೆ ಹೆಲ್ಮೆಟ್ಟು. ಜಲಂಧರ್, ಮೀರತ್‌ಗಳಿಂದ ತರಿಸಬೇಕು. ಮೊದಲ ವರ್ಷದ ಖರ್ಚು ಶಾಲೆಯ ಕೈಗೆ ಮೀರಿದ್ದು, ಒಬ್ಬ ನೂಲಿನ ವ್ಯಾಪಾರಿಯ ಕೈಗೆ ಮೀರಿದ್ದಲ್ಲ. ಗ್ಲೌಸು ಒಮ್ಮೆ ಬಂದರೆ ಎಷ್ಟೋ ವರ್ಷ ಬಾಳುತ್ತದೆ. ಅಣ್ಣನ ಕೈಯಿಂದ ತಮ್ಮನ ಕೈಗೆ ಹೋಗುತ್ತದೆ.

ಕಾರ್ಖಾನೆಯವರಿಗಾದರೆ ಈಗ ಕಾನೂನಿನ ದಾರಿಯೇ ಇದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 500 ಕೋಟಿ ನಿವ್ವಳ ಸಂಪತ್ತು ದಾಟಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಗಳೆಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಾನ್ಯ ಕ್ರೀಡೆ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಪಟ್ಟಿ ಮಾಡಿದವರು ತರಬೇತಿಗೆ ಎಂದಿದ್ದಾರೆ, ಗದೆಗೆ ಎಂದಿಲ್ಲ. ಸಹಕಾರಿ ಕಾರ್ಖಾನೆಗಳು ಈ ಕಾಯ್ದೆಯ ಹೊರಗೆ, ನಿಜ. ಆದರೂ ಅಲ್ಲಿಯ ಸದಸ್ಯರು ಕಬ್ಬು ಬೆಳೆಯುವ ರೈತರೇ, ಆಡುವ ಹುಡುಗರೂ ಅವರ ಮಕ್ಕಳೇ. ಮಹಾಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ದುಡ್ಡಿಗಾಗಿ ಕಾರ್ಖಾನೆಯತ್ತಲೇ ನೋಡುತ್ತ ಕೂರಬೇಕಾಗಿಯೂ ಇಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಕೃಷ್ಣೆಗೆ ಅಡ್ಡಲಾಗಿ ತಾವೇ ಒಂದು ಬ್ಯಾರೇಜು ಕಟ್ಟಿಕೊಂಡರು. ಸುಮಾರು ಒಂದು ಕೋಟಿ ರೂಪಾಯಿಯ ಕೆಲಸ. ವಂತಿಗೆ ಎತ್ತಿ, ಕಲ್ಲು ಹೊತ್ತು ಮುಗಿಸಿ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರಲ್ಲಿ ಇದೇ ಸಿದ್ದು ರಾಮಕೃಷ್ಣ ಹೆಗಡೆಯಂಥವರನ್ನು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಸೋಲಿಸಿ ಕಳಿಸಿದರು. ಹೊಳೆಯನ್ನೇ ನಿಲ್ಲಿಸಿದ ಊರುಗಳಿಗೆ ಒಂದು ಆಟದ ಬಯಲು ಭಾರವೇ? ಆ ವಂತಿಗೆ ಪುಸ್ತಕದ ಒಂದು ಹಾಳೆ ಹುಡುಗರ ಹೆಸರಿಗೆ ಮೀಸಲಿಟ್ಟಿದ್ದರೆ ಇವತ್ತು ನನಗೆ ಇಷ್ಟು ಮಾತಾಡುವ ಕೆಲಸ ಇರುತ್ತಿರಲಿಲ್ಲ.

ಬಯಲಿನ ಪ್ರಶ್ನೆ ದುಡ್ಡಿಗಿಂತ ಕಠಿಣ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರು ಹಳ್ಳಿಗಳನ್ನು ನುಂಗಿ ಜನ ಹೊಸ ಜಾಗಕ್ಕೆ ಬಂದಾಗ ಗುಡಿ ಬಂತು, ಶಾಲೆ ಬಂತು. ಸಂಜೆ ಹುಡುಗರು ಸೇರುತ್ತಿದ್ದ ಹಳೆಯ ಊರಿನ ಗಾಂವಠಾಣಾ ಬಯಲು ಮಾತ್ರ ಯಾವ ಪರಿಹಾರದ ಪಟ್ಟಿಯಲ್ಲೂ ಸೇರಲಿಲ್ಲ. ಜಮಖಂಡಿ, ಮುಧೋಳದ ಪೇಟೆಗಳಲ್ಲಿ ಖಾಲಿ ಜಾಗವೆಂದರೆ ನಾಳೆಯ ಸೈಟು. ಉಳಿದದ್ದು ಶಾಲೆ ಕಾಲೇಜುಗಳ ಮೈದಾನ. ಅದರ ಗೇಟಿಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಬೀಗ ತೆಗೆಸಲು ಹಣ ಬೇಡ. ಆಡಳಿತ ಮಂಡಳಿಯ ಒಬ್ಬ ಹಿರಿಯರ ಮಾತು ಬೇಕು. ನನ್ನ ಲೆಕ್ಕದಲ್ಲಿ ಅದೂ ದೇಣಿಗೆಯೇ. ಕೆಲವು ಸಲ ಗದೆಗಿಂತ ದೊಡ್ಡದು.

ಇನ್ನು ನೆಲ. ನಮ್ಮದು ಎರೆ. ಬೇಸಿಗೆಯಲ್ಲಿ ಗೇಣು ಬಿರುಕು, ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರು. ಓಡುವ ಆಟ ಯಾವುದೇ ಇರಲಿ, ಮೇಲೊಂದು ಪದರ ಗರಸು ಬೀಳದೆ ಆಗುವುದಿಲ್ಲ. ಗರಸು ಹೊರಲು ಟ್ರ್ಯಾಕ್ಟರ್ ಬೇಕು. ಕಬ್ಬು ನುರಿಸುವ ಹಂಗಾಮು ಮುಗಿದರೆ ನಮ್ಮ ಸೀಮೆಯ ಟ್ರ್ಯಾಕ್ಟರುಗಳೂ ಟ್ರಾಲಿಗಳೂ ಏಪ್ರಿಲ್ ಹೊತ್ತಿಗೆ ಮನೆ ಮುಂದೆ ಖಾಲಿ ನಿಂತಿರುತ್ತವೆ. ಅದೇ ಹೊತ್ತಿಗೆ ಶಾಲೆಗೂ ರಜೆ. ರೋಲರು ಪುರಸಭೆಯ ಹತ್ತಿರ ಇದೆ. ನಾಲ್ಕು ಗುರುತಿಗೆ ಸಕ್ಕರೆ ಚೀಲದಲ್ಲಿ ಉಸುಕು ತುಂಬಿ ಹೊಲಿದರೆ ಸಾಕು, ನಡುವಿನ ದೂರ ಅಳೆಯಲು ಮಗ್ಗದ ನೂಲೇ ಆಯಿತು: 18 ಮೀಟರ್ 29 ಸೆಂಟಿಮೀಟರ್. ಈ ಬಾರಿಯ ಜಾತ್ರಾ ಕಮಿಟಿಯ ಸಭೆ ಸೇರಿದಾಗ, ಕುಸ್ತಿಯ ಜೋಡಿಗಳ ಪಟ್ಟಿ ಬರೆದು ಮುಗಿದ ಮೇಲೆ, ಗರಸಿನ ಟ್ರಿಪ್ಪು ಯಾರ ವತಿಯಿಂದ ಎಂದು ಕೇಳಿ ನೋಡಿ. ಬೇಕಾದರೆ ಆ ಹೆಸರನ್ನೂ ಮೈಕಿನಲ್ಲಿ ಕೂಗಿ.